ಗೇಟಿಗೆ ಹೋಗದ ಕೋವಿ

ಮಧ್ಯಾಹ್ನದ ಊಟದ ಹೊತ್ತು. ನಮ್ಮ ಅಂಗಳದಿಂದ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿದವು. ಕೊಡಗಿನ ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಅಂದೂ ಹೊರಟರು. ಕೆಳಮನೆಯ ದೇಚಕ್ಕ ಬಿಳಿ ಸೀರೆ ಉಟ್ಟುಕೊಂಡೇ ಬಂದು, "ಅಯ್ಯೋ, ಬೊಳ್ಳವ್ವಜ್ಜಿ ಹೋಗ್ಬಿಟ್ರಾ?" ಎಂದು ಮೆಟ್ಟಿಲಲ್ಲೇ ಅತ್ತಳು.

ಎಂಬತ್ತು ದಾಟಿದ ಬೊಳ್ಳವ್ವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. "ನಾನಲ್ಲ ದೇಚು. ನನ್ನ ಮಗ. ನನ್ನ ನಾಣಯ್ಯ," ಎಂದಳು.

ಸಾವನ್ನು ಸಾರಿದ ಗುಂಡುಗಳೇ ಕೊಂದ ಗುಂಡುಗಳು. ಹಾರಿಸಿದವನು ನಾಣಯ್ಯನ ತಮ್ಮ ಮಾಚಯ್ಯ. ಹಾರಿದ್ದು ನನ್ನಿಂದ. ನಾನು ಆ ಮನೆಯ ಜೋಡಿ ನಳಿಕೆಯ ಕೋವಿ.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕಬ್ಬಿಣ ಕಾಯಿಸಿ, ಕೊರೆದು, ಉಜ್ಜಿ, ಮರದ ಹಿಡಿ ತೊಡಿಸಿದರು. ನಾಣಯ್ಯ, ಮಾಚಯ್ಯರ ಅಜ್ಜ ಉತ್ತಯ್ಯ ನನ್ನನ್ನು ಕೊಂಡು ತಂದು, ದೀಪದ ಮುಂದಿಟ್ಟು ಕೈಮುಗಿದ ಮೇಲೆಯೇ ಗೋಡೆಗೆ ತೂಗುಹಾಕಿದ. ವರ್ಷವರ್ಷವೂ ಆಯುಧ ಪೂಜಿಸುವ ಕೈಲ್‌ಮುಹೂರ್ತದ ಹಬ್ಬಕ್ಕೆ ನನಗೆ ಗಂಧ, ಹೂವು. ಹಿರಿಯರು ಎತ್ತಿಕೊಟ್ಟರೆ ಮಾತ್ರ ಕಿರಿಯರು ಮುಟ್ಟಬೇಕು. ನಾಣಯ್ಯ ಹುಟ್ಟಿದ ದಿನ ಊರಿಗೆ ಹೇಳಿದವನು ನಾನು. ಮಾಚಯ್ಯ ಹುಟ್ಟಿದ ದಿನವೂ. ಇಷ್ಟು ಗೌರವ ಕಂಡು ನನಗೆ ಜಂಬ ಬಂತು. ನನ್ನ ಪಾಪ ಅಲ್ಲಿಂದಲೇ ಶುರು.

ಮಾಚಯ್ಯ ಪ್ರವಾಸಿಗರನ್ನು ಬೆಟ್ಟಕ್ಕೆ ಒಯ್ಯುವ ಜೀಪು ಓಡಿಸುತ್ತಿದ್ದ. ಗುಡ್ಡ ಜರಿದು ದಾರಿ ಮುಚ್ಚಿತು, ಜೀಪು ನಿಂತಿತು. ಎರಡು ವರ್ಷ ಕೆಲಸವಿಲ್ಲ. ಮದುವೆಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಹಿಂದೆ ಸರಿದರು. ಸಂತೆಗೆ ಹೋದರೆ, "ಏನ್ ಮಾಚು, ಇನ್ನೂ ರಜೆಯಾ?" ಎಂದು ಕೇಳುವವರೇ. ಅವನು ಸಂತೆಗೆ ಹೋಗುವುದನ್ನೂ ಬಿಟ್ಟ. ಸೈನ್ಯದಿಂದ ನಿವೃತ್ತನಾದ ನಾಣಯ್ಯನೇ ಮನೆ ನಡೆಸುತ್ತಿದ್ದ. ಒಳ್ಳೆಯವನು, ನಾಲಿಗೆ ಮಾತ್ರ ಹರಿತ.

ಕಡೆಗೆ ಒಂದು ಕೆಲಸ ಬಂತು. ಒಂದು ರೆಸಾರ್ಟಿನ ಗೇಟಿಗೆ, ಸ್ವಂತ ಕೋವಿಯಿರುವ ಕಾವಲುಗಾರ ಬೇಕಾಗಿದ್ದ.

"ಅಣ್ಣ, ಕೋವಿ ಕೊಡು. ನಾಳೆಯಿಂದಲೇ ಬಾ ಅಂದಿದ್ದಾರೆ."

"ಅಜ್ಜನ ಕೋವಿ ಕಂಡವರ ಗೇಟಲ್ಲಿ ಸಲಾಂ ಹೊಡೀಬೇಕಾ? ಕೋಲು ಹಿಡ್ಕೊಂಡು ಹೋಗು."

"ಕೋಲಿಗೆ ಕೆಲಸ ಕೊಡಲ್ಲ ಅಣ್ಣ."

"ಹಾಗಾದ್ರೆ ಕೂತು ಉಣ್ಣು. ಅದು ನಿನಗೆ ಅಭ್ಯಾಸ ಆಗಿದೆಯಲ್ಲ."

ಗೋಡೆಯ ಮೇಲಿದ್ದ ನಾನು ಒಳಗೊಳಗೇ ಹಿಗ್ಗಿದೆ. ಗೇಟು ಕಾಯುವ ಅವಮಾನ ತಪ್ಪಿತು ಎಂದುಕೊಂಡೆ. ಮಾಚಯ್ಯನ ಮುಖ ನೋಡಲಿಲ್ಲ.

ಮರುದಿನ ಅವನು ಯಾರೂ ಕೊಡದೆ ತಾನೇ ನನ್ನನ್ನು ಇಳಿಸಿದ. ಎರಡೂ ನಳಿಕೆಗೆ ತೋಟೆ ತುಂಬಿದ. ಗೇಟಿನವರು ತುಂಬಿದ ಕೋವಿಯನ್ನೇ ಕೇಳಿದ್ದರೋ, ಅವನ ಮನಸ್ಸಿನಲ್ಲಿ ಬೇರೇನಿತ್ತೋ, ನಾನರಿಯೆ. ಅಂಗಳದಲ್ಲಿ ನಾಣಯ್ಯ ಅಡ್ಡ ನಿಂತ.

"ಇಡು ಒಳಗೆ."

"ದಾರಿ ಬಿಡು ಅಣ್ಣ."

"ಬಿಡದಿದ್ರೆ ಹೊಡೀತೀಯಾ? ಹೊಡಿ. ಆ ಒಂದು ಕೆಲಸವಾದ್ರೂ ಬರುತ್ತಾ ನೋಡೋಣ."

ಬೆರಳು ಮಾಚಯ್ಯನದು, ಎರಡು ವರ್ಷದ ಬೇಗೆಯೂ ಅವನದು. ಆದರೆ ನಾನು ಆ ಗೋಡೆಯಲ್ಲಿ ಇಲ್ಲದೆ ಹೋಗಿದ್ದರೆ, ಅಣ್ಣತಮ್ಮಂದಿರು ಕೂಗಾಡಿ, ಮುಖ ತಿರುಗಿಸಿ, ಸಂಜೆಗೆ ಒಂದೇ ಕಡೆ ಉಣ್ಣುತ್ತಿದ್ದರು.

ನಾಣಯ್ಯನಿಗಾಗಿ ಸಂಪ್ರದಾಯದ ಗುಂಡು ಹಾರಿಸಲು ಯಾರಿಗೂ ಕೈ ಬರಲಿಲ್ಲ. ಮಾಚಯ್ಯ ಜೈಲಿನಲ್ಲಿದ್ದಾನೆ. ನಾನು ಕೋರ್ಟಿನ ಕೋಣೆಯೊಂದರಲ್ಲಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ತುಕ್ಕು ಹಿಡಿಯುತ್ತಿದ್ದೇನೆ. ಬೊಳ್ಳವ್ವ ಸಾಕ್ಷಿ ಹೇಳಲು ಬಂದ ದಿನ ನನ್ನನ್ನು ಮೇಜಿನ ಮೇಲಿಟ್ಟು, "ಇದೇ ಕೋವಿಯೇನಮ್ಮ?" ಎಂದು ಕೇಳಿದರು. ಅವಳು ನನ್ನತ್ತ ನೋಡಲಿಲ್ಲ. "ನಮ್ಮ ಮನೇದೇ ಸ್ವಾಮಿ. ಎಲ್ಲಾ ನಮ್ಮ ಮನೇದೇ," ಎಂದಳು.

ಇಗ್ಗುತಪ್ಪ ದೇವರೇ, ನಿನಗೆ ಮುಗಿಯಲು ನನಗೆ ಕೈಗಳಿಲ್ಲ. ಆದರೂ ಬೇಡುತ್ತೇನೆ. ನಾಣಯ್ಯನನ್ನು ಅವನ ಹಿರಿಯರ ಬಳಿ ಸೇರಿಸು. ತಮ್ಮನ ಮೇಲಿನ ಸಿಟ್ಟು ಅವನ ಜೊತೆ ಹೋಗದಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು.