ಟೀವಿಯ ಕೆಳಗಿನ ಸಾಲು

ಸಂಕ್ರಾಂತಿಯ ದಿನ ಬೆಳಿಗ್ಗೆ ಕರೂರಿನ ಚಹಾದಂಗಡಿಗೆ ಒಂದು ಫೋನು ಬಂತು. ಸಂಡೂರಿನ ಇಳಿಜಾರಿನಲ್ಲಿ ಅದಿರು ಲಾರಿಯೊಂದು ಪಲ್ಟಿಯಾಗಿದೆ, ಅದು ಗಾದೆಪ್ಪ ಓಡಿಸುವ ಗಾಡಿಯಂತೆ. ಯಾರಿಗೆ ಏನಾಯಿತು ಅನ್ನುವಷ್ಟರಲ್ಲಿ ಲೈನು ಕಡಿದುಹೋಯಿತು.

ಗಾದೆಪ್ಪನ ಹೆಂಡತಿ ಜಂಬಮ್ಮ ಎಳ್ಳು ಹುರಿಯುತ್ತಿದ್ದವಳು ಬಾಣಲೆಯನ್ನು ಒಲೆಯ ಮೇಲೇ ಬಿಟ್ಟು ಎದ್ದಳು. ಆ ಲಾರಿಯ ಕ್ಲೀನರ್ ಶಾಕೀರನ ಹೆಂಡತಿ ಸುಹಾನಾ ಪಕ್ಕದ ಓಣಿಯಿಂದ ಓಡಿಬಂದಳು. ಇಬ್ಬರೂ ಸಿಕ್ಕ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಬಂದರು, ಅಲ್ಲಿಂದ ಬಳ್ಳಾರಿ ಬಸ್ಸು ಹಿಡಿದರು. ಬಸ್ಸಿನ ತುಂಬ ಕೆಂಚನಗುಡ್ಡದಲ್ಲಿ ಹೊಳೆಸ್ನಾನ ಮುಗಿಸಿ ಹೊರಟವರು, ಕಬ್ಬಿನ ಜಲ್ಲೆ, ನಗು, ಒದ್ದೆ ಬಟ್ಟೆಯ ಗಂಟು. ಕುರುಗೋಡು ದಾಟುವವರೆಗೂ ಜಂಬಮ್ಮ ಸುಹಾನಾಳ ಕೈ ಬಿಡಲಿಲ್ಲ.

"ಇಬ್ರೂ ಒಂದ ಗಾಡಿಯಾಗ ಅದಾರವಾ," ಅಂದಳು ಒಮ್ಮೆ. "ಒಬ್ರಿಗೊಬ್ರು ಆಸರಾಗಿರ್ತಾರ."

ಸುಹಾನಾ ಹೂಂ ಅಂದಳು. ಮನಸ್ಸಿನಲ್ಲಿ ಮಾತ್ರ ಒಂದೇ ಹೆಸರು ಹಿಡಿದು ದುವಾ ಮಾಡುತ್ತಿದ್ದಳು. ಎರಡನೆಯ ಹೆಸರು ನಾಲಗೆಗೆ ಬರಲೇ ಇಲ್ಲ.

ಲಾರಿ ಮಾಲಕರ ಆಫೀಸು ಬ್ರೂಸ್‌ಪೇಟೆಯಲ್ಲಿತ್ತು. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಜಂಬಮ್ಮ ಆ ಬೀಗವನ್ನು ಹಿಡಿದು ಜಗ್ಗಿದಳು, ಒಳಗೆ ಯಾರೋ ಇದ್ದಾರೆ ಅನ್ನುವಂತೆ ಬಾಗಿಲು ಬಡಿದಳು. ಎದುರಿನ ಟೀವಿ ಅಂಗಡಿಯಿಂದ ಅದರ ಮಾಲಕ ಆಸಿಂ ಹೊರಗೆ ಬಂದ.

"ಹಬ್ಬದ ದಿನ ಯಾರೂ ಬರಂಗಿಲ್ರೀ ಅಕ್ಕಾ. ಏನಾತು?"

ಸುಹಾನಾ ಹೇಳಿದಳು. ಅವನು ಇಬ್ಬರನ್ನೂ ಒಳಗೆ ಕರೆದು ಸ್ಟೂಲು ಹಾಕಿ ನೀರು ಕೊಟ್ಟ. ಲಾರಿ ಮಾಲಕರ ಮೊಬೈಲಿಗೆ ಮತ್ತೆ ಮತ್ತೆ ಫೋನು ಹಚ್ಚಿದ. ಸ್ವಿಚ್ ಆಫ್.

ಅಂಗಡಿಯ ಗೋಡೆ ತುಂಬ ಇದ್ದ ಟೀವಿಗಳಲ್ಲಿ ಒಂದೇ ಚಾನೆಲ್ಲು. ದೂರದ ಯಾವುದೋ ದೇಶದಲ್ಲಿ ಕುತ್ತಿಗೆಗೆ ಚೀಟಿ ನೇತುಹಾಕಿಕೊಂಡ ಗಂಡಸರು, ಹೆಂಗಸರು ಕಂಪ್ಯೂಟರಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು.

"ಸುದ್ದಿ ಹಚ್ಚಪ್ಪ," ಅಂದಳು ಜಂಬಮ್ಮ. "ನಮ್ಮ ಗಾಡಿ ಸುದ್ದಿ ಬರ್ತೈತೇನೋ."

"ಇದ ಸುದ್ದಿ ಚಾನೆಲ್ರೀ. ಶನಿಗ್ರಹಕ್ಕ ಒಂದು ಚಂದ್ರ ಐತಿ, ಟೈಟನ್ ಅಂತ. ಅದರ ಮ್ಯಾಲ ಇವರದೊಂದು ನೌಕಾ ಇಳೀಲಿಕತ್ತೈತಿ. ಎಲ್ಲಾ ಬಿಟ್ಟು ಅದನ್ನ ತೋರಸಾಕತ್ಯಾರ. ಕೆಳಗ ಸಾಲು ಓಡ್ತೈತಿ ನೋಡ್ರಿ, ಊರಿನ ಸುದ್ದಿ ಬಂದ್ರ ಅಲ್ಲೇ ಬರಬೇಕು."

"ಇಳೀತೇನು ಅದು?" ಸುಮ್ಮನಿರಲಾರದೆ ಕೇಳಿದಳು ಸುಹಾನಾ.

"ಇಳದಿರಬೇಕು, ಇಲ್ಲಾ ಒಡದಿರಬೇಕು. ಅಲ್ಲಿಂದ ಸುದ್ದಿ ಬರಾಕ ಒಂದು ತಾಸಿನ ಮ್ಯಾಲ ಬೇಕಂತ. ಆಗೂದು ಆಗಿ ಹೋಗಿರ್ತೈತಿ, ಇವರಿಗೆ ಇನ್ನೂ ಗೊತ್ತಿಲ್ಲ ಅಷ್ಟ."

ಸುಹಾನಾಳಿಗೆ ಆಗ ಹೊಳೆಯಿತು. ಹೌದಲ್ಲ, ಸಂಡೂರಿನಲ್ಲಿಯೂ ಬೆಳಿಗ್ಗೆಯೇ ಎಲ್ಲ ಮುಗಿದಿದೆ. ತಾನು ಬಸ್ಸಿನಲ್ಲಿ ಬೇಡಿಕೊಂಡದ್ದೆಲ್ಲ ಮುಗಿದ ಮೇಲೆ ಬೇಡಿಕೊಂಡದ್ದು.

ಜಂಬಮ್ಮನಿಗೆ ಓದು ಬರುತ್ತಿರಲಿಲ್ಲ. ಸುಹಾನಾ ಒಂಬತ್ತನೇ ಇಯತ್ತೆಯವರೆಗೆ ಓದಿದವಳು. ರೆಪ್ಪೆ ಬಡಿಯದೆ ಕೆಳಗಿನ ಸಾಲು ನೋಡುತ್ತ ಕೂತಳು. ಬಂಗಾರದ ರೇಟು ಹೋಯಿತು, ಕ್ರಿಕೆಟ್ಟು ಹೋಯಿತು, ಯಾರೋ ಮಂತ್ರಿಯ ಮಾತು ಹೋಯಿತು. ಮತ್ತೆ ಅವೇ. ಮತ್ತೆ ಅವೇ.

ಥಟ್ಟನೆ ಟೀವಿಯೊಳಗಿನವರೆಲ್ಲ ಎದ್ದು ನಿಂತರು. ಒಬ್ಬರನ್ನೊಬ್ಬರು ತಬ್ಬಿಕೊಂಡರು, ಒಬ್ಬ ಮುದುಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನೌಕೆ ಜೀವಂತವಾಗಿದೆ, ಸಂಕೇತ ಬರುತ್ತಿದೆ" ಎಂದು ವಾರ್ತೆ ಓದುವವಳು ಕೂಗಿ ಹೇಳಿದಳು. ಆಗಲೇ ಕೆಳಗೆ ಸಾಲು ಬಂತು: ಸಂಡೂರು ಬಳಿ ಅದಿರು ಲಾರಿ ಪಲ್ಟಿ. ಕರೂರಿನ ಚಾಲಕ ಸ್ಥಳದಲ್ಲೇ ಸಾವು. ಕ್ಲೀನರ್ ಸ್ಥಿತಿ ಗಂಭೀರ, ಬಳ್ಳಾರಿ ಆಸ್ಪತ್ರೆಗೆ ದಾಖಲು.

ಯಾ ಅಲ್ಲಾ, ಉಳಿಸಿದೆ! ಸುಹಾನಾಳ ಎದೆ ಒಮ್ಮೆಲೇ ಹಗುರಾಯಿತು. ಆ ಹಗುರ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಜಂಬಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಏನಂತ ಬರ್ದಾರವಾ? ಎಲ್ಲಾರೂ ಯಾಕ ಹಂಗ ಕುಣಿಯಾಕತ್ಯಾರ?"

"ಅದು... ಸುಖವಾಗಿ ಇಳೀತಂತ ಅಕ್ಕಾ. ಆ ನೌಕಾ."

"ಇಳೀಲಿ, ಪಾಪ," ಅಂದಳು ಜಂಬಮ್ಮ. "ಅವರೂ ಕಾದಿದ್ರು."

ಆಸಿಂ ಆ ಸಾಲನ್ನು ಓದಿದ್ದ. ಹೊರಗೆ ಹೋಗಿ ಆಟೋ ನಿಲ್ಲಿಸಿದ. "ದೊಡ್ಡಾಸ್ಪತ್ರಿಗೆ ಬಿಡು," ಎಂದು ಡ್ರೈವರನಿಗೆ ಹೇಳಿ ಇಬ್ಬರನ್ನೂ ಹತ್ತಿಸಿದ.

ಆಟೋದಲ್ಲಿ ಸುಹಾನಾ ಮೂರ್ನಾಲ್ಕು ಸಲ ಬಾಯಿ ತೆರೆದಳು. ಈಗ ಹೇಳದಿದ್ದರೆ ಅಲ್ಲಿ ಯಾರೋ ಗುರುತಿಲ್ಲದವರು ಹೇಳುತ್ತಾರೆ. "ಅಕ್ಕಾ," ಅಂದಳು ಕೊನೆಗೆ, "ಕೆಳಗ ಇನ್ನೊಂದು ಬರ್ದಿತ್ತು..."

ಜಂಬಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಕೈಗೆ ಎಳ್ಳಿನ ವಾಸನೆಯಿತ್ತು.

"ಹೇಳಬ್ಯಾಡ. ಆಸ್ಪತ್ರಿ ಬರೂಮಟ ಹೇಳಬ್ಯಾಡ. ಅಲ್ಲೀಮಟ ನಾನು ಅವನ ಹೆಂಡ್ತಿಯಾಗೇ ಇರ್ತೀನಿ."

ಸುಹಾನಾ ಬಿಕ್ಕಿ ಬಿಕ್ಕಿ ಅತ್ತಳು. ಜಂಬಮ್ಮ ಅಳಲಿಲ್ಲ. ರಸ್ತೆಯನ್ನೇ ನೋಡುತ್ತ ಕೇಳಿದಳು, "ನಿನ್ನಾತ?"

"ಅದಾನಂತ ಅಕ್ಕಾ. ಭಾಳ ಪೆಟ್ಟಾಗೈತಂತ. ನಾನು... ನನಗ ಮೊದಲು ಖುಷಿ ಆತು ಅಕ್ಕಾ. ಓದಿದ ಕೂಡ್ಲೇ ಖುಷಿ ಆತು."

ಜಂಬಮ್ಮನ ಕೈ ಸುಹಾನಾಳ ಕೈಯೊಳಗಿತ್ತು. ಅವಳು ಅದನ್ನು ಬಿಡಿಸಿಕೊಳ್ಳಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿದ್ದ ಪೇದೆ ಊರು, ಹೆಸರು ಕೇಳಿ ತಲೆ ತಗ್ಗಿಸಿದ. ಗಾಯಾಳು ಎಡಗಡೆ ವಾರ್ಡಿನಲ್ಲಿದ್ದಾನೆ. ಇನ್ನೊಬ್ಬರನ್ನು ನೋಡಲು ಹಿಂದಿನ ಕಟ್ಟಡಕ್ಕೆ ಹೋಗಬೇಕು ಅಂದ. ಜಂಬಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸುಹಾನಾ ಅವಳ ರಟ್ಟೆಗೆ ಕೈ ಕೊಟ್ಟು ಎತ್ತಿದಳು. ವಾರ್ಡಿನ ಬಾಗಿಲಿಗೆ ಬಂದ ನರ್ಸು ಕೂಗಿದಳು:

"ಶಾಕೀರ್ ಕಡೆಯವ್ರು ಯಾರು? ಲಗೂನ ಬರ್ರಿ!"

ಸುಹಾನಾ ಅತ್ತ ಒಂದು ಹೆಜ್ಜೆ ಇಟ್ಟಳು. ಜಂಬಮ್ಮನ ಇಡೀ ಭಾರ ಅವಳ ಹೆಗಲ ಮೇಲಿತ್ತು.

"ಉಸಿರಾಡ್ತಾನೇನ್ರೀ?" ನಿಂತಲ್ಲಿಂದಲೇ ಕೇಳಿದಳು.

"ಆಡ್ತಾನ. ಆದ್ರ ಲಗೂ ಬರಬೇಕು ನೀವು."

"ಬರ್ತೀನಿ. ಬಂದೆ ಅಂತ ಅವನಿಗೆ ಹೇಳ್ರಿ," ಅಂದಳು ಸುಹಾನಾ. ಜಂಬಮ್ಮನನ್ನು ಸೊಂಟ ಬಳಸಿ ಹಿಡಿದು ಹಿಂದಿನ ಕಟ್ಟಡದ ಕಡೆಗೆ ನಡೆಸಿಕೊಂಡು ಹೊರಟಳು.