ನಲವತ್ತೆಂಟು ಸುತ್ತಿನ ಹುಗ್ಗಿ

"ನಲವತ್ತೇಳು," ಎಂದು ಹುಣಿಸೆಬೀಜವೊಂದನ್ನು ಬಲಕ್ಕೆ ಸರಿಸಿದಳು ಮುನಿಕೃಷ್ಣಮ್ಮ. ಗಂಡ ವೆಂಕಟಸ್ವಾಮಿ ಏದುಸಿರು ಬಿಡುತ್ತ ಆಂಜನೇಯನ ಗುಡಿಯ ಮೂಲೆ ತಿರುಗಿ ಮರೆಯಾದ. ಬೆನ್ನಿನ ಬೆವರು ಪಂಚೆಯವರೆಗೂ ಇಳಿದಿತ್ತು. ಎಡಗೈ ತೊಡೆಸಂದಿನ ಗಂಟನ್ನು ಅದುಮಿ ಹಿಡಿದಿತ್ತು.

ಆ ಗಂಟು ಎರಡು ವರ್ಷದ್ದು. ಕೆಮ್ಮಿದರೆ ಮೂಸಂಬಿಯಷ್ಟಾಗಿ ಹೊರಬರುತ್ತಿತ್ತು. ಕರುಳು ಇಳಿದಿದೆ, ಕೊಯ್ದು ಹೊಲಿಯಬೇಕು ಎಂದಿದ್ದರು ಯಲಹಂಕದ ಡಾಕ್ಟರು. ಆದರೆ ಈ ಬೊಜ್ಜಿನ ಮೇಲೆ ಹೊಲಿಗೆ ನಿಲ್ಲುವುದಿಲ್ಲ. ಮೊದಲು ಇಪ್ಪತ್ತು ಪೌಂಡು ಇಳಿಯಬೇಕು, ದಿನಾ ನಡೆಯಬೇಕು. ತಡವಾಗಿ ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ತಮ್ಮೂರು ಅಟ್ಟೂರಿನವರು ನಕ್ಕಾರೆಂದು ವೆಂಕಟಸ್ವಾಮಿಗೆ ನಾಚಿಕೆ. ನಡೆಯುವುದೇ ಆದರೆ ದೇವರ ಸುತ್ತ ಎಂದು, ನಲವತ್ತೆಂಟು ದಿನ, ದಿನಕ್ಕೆ ನಲವತ್ತೆಂಟು ಪ್ರದಕ್ಷಿಣೆಯ ಹರಕೆ ಹೊತ್ತ. ಜೊತೆಗೆ ದಿನವೂ ಸಿಹಿಹುಗ್ಗಿಯ ಸೇವೆ. ಸೇವೆ ಮಾಡಿಸಿದವರಿಗೇ ಪ್ರಸಾದದ ತಪ್ಪಲೆ ಸಲ್ಲುವುದು ಆ ಗುಡಿಯ ಪದ್ಧತಿ.

ಕೊನೆಯ ಸುತ್ತು ಮುಗಿಸಿ ಅವನು ಜಗಲಿಯ ಮೇಲೆ ಕಾಲು ಅಗಲಿಸಿ ಕೂತ. ಗಂಟನ್ನು ಅಂಗೈಯಿಂದ ಒಳಕ್ಕೆ ತಳ್ಳಿಕೊಂಡ. ಅದು ಗುಳಕ್ಕೆಂದು ಸರಿಯಿತು. ಬಲಗೈ ಆಗಲೇ ತಪ್ಪಲೆಯಲ್ಲಿತ್ತು. ಮೊಣಕೈಗೆ ಇಳಿದ ತುಪ್ಪವನ್ನು ಕೈ ಎತ್ತಿ ನೆಕ್ಕಿದ. ಬೆವರೂ ತುಪ್ಪವೂ ಕೂಡಿದ ವಾಸನೆಗೆ ಮುನಿಕೃಷ್ಣಮ್ಮ ಮೂಗಿಗೆ ಸೆರಗು ಹಿಡಿದಳು. ಪ್ರಸಾದದ ಮುಂದೆ ಮೂಗು ಮುಚ್ಚಿದೆನಲ್ಲ ಎಂದು ಕೆನ್ನೆ ಬಡಿದುಕೊಂಡಳು.

"ಪ್ರಸಾದ ಅಂದ್ರೆ ಅಂಗೈ ಗುಳಿಯಷ್ಟಲ್ವಾ?"

"ನಲವತ್ತೆಂಟು ಸುತ್ತು ಸುತ್ತಿವ್ನಿ ಕಣೆ. ಉತ್ತ ಎತ್ತಿಗೆ ಬೂಸಾ ಇಕ್ಕದಂಗೆ ಕಟ್ತಾರಾ? ಕರಗಿದ್ದು ಕರಗೋಯ್ತು, ಅದರ ಜಾಗಕ್ಕೆ ಇದು. ದೇವರದ್ದು ಬಿಟ್ರೆ ಪಾಪ ಬತ್ತದೆ."

ಇಪ್ಪತ್ತೊಂದನೆಯ ದಿನ ಇಬ್ಬರೂ ಯಲಹಂಕದ ಆಸ್ಪತ್ರೆಗೆ ತೂಕಕ್ಕೆ ಹೋದರು. ಕಾಂಪೌಂಡರ್ ಗಯಾಸ್ ತಕ್ಕಡಿಯ ಗುಂಡನ್ನು ಸರಿಸಿದ, ನೋಡಿದ, ಮತ್ತೆ ಸರಿಸಿದ.

"ಅರೆ ಯಜಮಾನ್ರೆ, ನಾಲ್ಕು ಪೌಂಡ್ ಜಾಸ್ತಿ ಆಗೈತಲ್ಲ! ನಡೆಯಾಕ್ ಹೋಗಿದ್ರಾ, ಮದುವೆಗ್ ಹೋಗಿದ್ರಾ?"

"ನಿನ್ನ ತಕ್ಕಡಿ ಕೆಟ್ಟೈತೆ."

"ಬೆಳಿಗ್ಗೆ ನಾನೇ ನಿಂತು ನೋಡೀನಿ. ಏನ್ ತಿಂತೀರಾ ಅದ್ ಹೇಳಿ."

"ಪ್ರಸಾದ."

ಗಯಾಸ್ ನಗಲಿಲ್ಲ. "ನಮ್ಮ ದರ್ಗಾದಾಗೂ ಕೊಡ್ತಾರೆ. ಇಷ್ಟೇ," ಎಂದು ಎರಡು ಬೆರಳ ತುದಿ ಕೂಡಿಸಿ ತೋರಿಸಿದ. "ಬರೋ ತಿಂಗಳಿಗೆ ಇಳೀದಿದ್ರೆ ಡಾಕ್ಟರ್ ಸಾಬ್ ಕೊಯ್ಯಲ್ಲ. ಆಮೇಲೆ ಅದು ಒಳಕ್ ಹೋಗ್ದೇ ನಿಂತ್ಕಂಡ್ರೆ..." ಮುನಿಕೃಷ್ಣಮ್ಮನ ಮುಖ ಕಂಡು ಅವನು ತಕ್ಕಡಿಯ ಗುಂಡನ್ನು ಸೊನ್ನೆಗೆ ಸರಿಸಿದ.

ಮರುದಿನ ಬೆಳಿಗ್ಗೆ ಪೂಜಾರಿ ತಪ್ಪಲೆ ತಂದಿಟ್ಟಾಗ ಗಂಡ ಗುಡಿಯ ಹಿಂಭಾಗದಲ್ಲಿದ್ದ. ಕೆರೆಯ ಹೂಳು ಹೊರಲು ಹೊರಟ ಆರು ಹೆಂಗಸರು ಅರಳಿಮರದ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದರು. ಮುನಿಕೃಷ್ಣಮ್ಮ ತಪ್ಪಲೆಯನ್ನು ಸೊಂಟಕ್ಕಿಟ್ಟುಕೊಂಡು ಅಲ್ಲಿಗೆ ಹೋದಳು. ಮುತ್ತುಗದೆಲೆ ಹಾಸಿ ಸೌಟು ತುಂಬ ತುಂಬ ಬಡಿಸಿದಳು.

"ಇಷ್ಟೊಂದಾ ಅಕ್ಕಾ? ಯಜಮಾನ್ರಿಗೆ?" ಎಂದಳು ಅವರಲ್ಲೊಬ್ಬಳು ಲಕ್ಕಮ್ಮ.

"ತಿನ್ನವ್ವ," ಎಂದು ಮುನಿಕೃಷ್ಣಮ್ಮ ಖಾಲಿ ತಪ್ಪಲೆಯನ್ನು ಜಗಲಿಯ ಮೇಲಿಟ್ಟು ಮರದ ಕೆಳಗೆ ಹಿಂತಿರುಗಿದಳು.

ಸುತ್ತು ಮುಗಿಸಿ ಬಂದ ವೆಂಕಟಸ್ವಾಮಿ ಕೂತು ತಪ್ಪಲೆಗೆ ಕೈ ಹಾಕಿದ. ಬಗ್ಗಿ ನೋಡಿದ. ತಪ್ಪಲೆಯನ್ನು ತೊಡೆಗಳ ನಡುವೆ ಒರಗಿಸಿಕೊಂಡು ತಳಕ್ಕೆ ಹತ್ತಿದ ಸೀಕಲನ್ನು ಉಗುರಿನಿಂದ ಕೆರೆಯತೊಡಗಿದ. ಆ ಕಿರ್ರೆಂಬ ಸದ್ದಿಗೆ ಹೆಂಗಸರು ಉಣ್ಣುವುದನ್ನು ನಿಲ್ಲಿಸಿದರು.

ಲಕ್ಕಮ್ಮನಿಗೆ ಅಯ್ಯೋ ಅನ್ನಿಸಿತು. ಎದ್ದು ಬಂದು ತಾನು ಉಂಡು ಮಿಕ್ಕ ಎಲೆಯನ್ನೇ ಮುಂದೆ ಚಾಚಿದಳು. "ಎಂಜಲು ಅನ್ನಬ್ಯಾಡಿ ಯಜಮಾನ್ರೆ, ಈ ಕಡೆ ಮುಟ್ಟಿಲ್ಲ."

ಅವನ ಕೈ ಚಾಚಿಕೊಂಡಿತು. ಬೆರಳು ಹುಗ್ಗಿಗೆ ತಾಗಿತು ಕೂಡ. ಆಗ ತಲೆ ಎತ್ತಿದ. ಆರು ಜೊತೆ ಕಣ್ಣುಗಳು, ಅವುಗಳಾಚೆ ಹೆಂಡತಿಯವು. ಕೈ ಅಲ್ಲೇ ನಿಂತಿತು. ಕೂಲಿಯವಳ ಪಾಲಿಗೂ ಚಾಚಿದ ಅದು ಯಾರದೋ ಕೈ ಎಂಬಂತೆ ಅವನು ಅದನ್ನೇ ನೋಡಿದ.

ಎದ್ದು ಬಾವಿಕಟ್ಟೆಗೆ ಹೋಗಿ ಕೂತ. ಹಿಡಿ ಮಣ್ಣು ತೆಗೆದುಕೊಂಡು ಬೆರಳ ಸಂದುಗಳನ್ನು ಉಜ್ಜತೊಡಗಿದ.

ಲಕ್ಕಮ್ಮ ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಎಲೆ ಮಡಚಿ ಒಗೆದಳು. ಹೆಂಗಸರು ಮಂಕರಿಗಳನ್ನೆತ್ತಿಕೊಂಡು ಕೆರೆಯ ದಾರಿ ಹಿಡಿದರು. ಅವರ ಮಾತು ಏರಿಯ ಆಚೆ ಕರಗಿದರೂ ಅವನು ಇನ್ನೂ ಕೈ ಉಜ್ಜುತ್ತಲೇ ಇದ್ದ.