ಅಂದರೇನಮ್ಮ

ಸಂಸತ್ ಭವನದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮಂತ್ರಿಗಳಿಂದ ಹಿಡಿದು ಬಾಗಿಲು ಕಾಯುವವರವರೆಗೆ ಎಲ್ಲರ ಬಾಯಲ್ಲೂ ಅವರು ‘ಅಂದರೇನಮ್ಮ’. ಸದನದಲ್ಲಿ ಯಾರೇ ಎದ್ದು ಸಮಗ್ರತೆ, ಏಕರೂಪತೆ, ಲೋಕಹಿತ ಎಂದು ಬಾಯಿ ತುಂಬುವ ಪದವೊಂದನ್ನು ಉರುಳಿಸಿದರೆ ಸಾಕು, ಹಿಂದಿನ ಸಾಲಿನ ತುದಿಯಿಂದ, ಕೋಪವಿಲ್ಲದ ಆದರೆ ಉತ್ತರ ಸಿಗುವವರೆಗೆ ಸುಮ್ಮನಾಗದ ಧ್ವನಿಯೊಂದು ಬರುತ್ತಿತ್ತು: ‘ಅಂದರೆ ಏನು?’ ರಾಜಕಾರಣಕ್ಕೆ ಬರುವ ಮೊದಲು ಅವರು ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದವರು. ಅದೂ ತಮ್ಮ ಮನೆಮಾತಿನ ವ್ಯಾಕರಣವಲ್ಲ, ದೇಶದ ಆಡಳಿತ ನಡೆಯುವ ದೊಡ್ಡ ಭಾಷೆಯ ವ್ಯಾಕರಣ. ಆ ಭಾಷೆಯಲ್ಲಿ ಮಂತ್ರಿಮಹೋದಯರು ಮಾಡುವ ತಪ್ಪುಗಳೆಲ್ಲ ಅವರಿಗೆ ಕೂತಲ್ಲೇ ಕಾಣುತ್ತಿದ್ದವು. ಎದ್ದು ತಿದ್ದುತ್ತಿರಲಿಲ್ಲ, ಅಷ್ಟೆ; ಸದನದಲ್ಲಿ ಆ ಭಾಷೆಯಲ್ಲಿ ಅವರು ಆಡುತ್ತಿದ್ದದ್ದು ‘ಅಂದರೆ ಏನು’ ಎಂಬ ಎರಡೇ ಪದ.

ನಡಿಗೆಯಲ್ಲೂ ಆ ಹಳೆಯ ಕಸುಬು ಬಿಟ್ಟಿರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಸಾಲುಗಳ ನಡುವೆ ಓಡಾಡುವವರಂತೆ ನಾಲ್ಕು ಹೆಜ್ಜೆ ಹಾಕಿ, ನಿಂತು, ಪಕ್ಕದವರ ಮೇಜಿನ ಮೇಲೊಮ್ಮೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದರು; ಅವರು ಹತ್ತಿರ ಬಂದರೆ ಆಳುವ ಪಕ್ಷದ ಹಿರಿಯರೂ ಕಾಗದ ಮುಚ್ಚಿಟ್ಟುಕೊಳ್ಳುತ್ತಿದ್ದರು ಎಂದರೆ ನಗಬೇಡಿ, ಅದು ನಿಜ. ಬೇಸಿಗೆಯಾಗಲಿ ಚಳಿಯಾಗಲಿ, ಮೈಮೇಲೆ ಮೊಣಕೈ ಸವೆದ ಒಂದು ಬೂದು ಕೋಟು. ಅದರ ಬಲಜೇಬು ಮಾತ್ರ ಸದಾ ಜೋಲುತ್ತಿತ್ತು, ಏಕೆಂದರೆ ಅದರೊಳಗೆ ಒಂದು ರೇಡಿಯೊ. ತಿರುಪು ಉದುರಿಹೋಗಿದ್ದ ಆ ರೇಡಿಯೊವನ್ನು ಅವರು ಹೇರ್‌ಪಿನ್ನಿನಿಂದ ತಿರುಗಿಸುತ್ತಿದ್ದರು. ಹೊಸದು ತೆಗೆದುಕೊಳ್ಳಿ ಎಂದವರಿಗೆ, ಇದು ಇನ್ನೂ ಮಾತಾಡ್ತಿದೆಯಲ್ಲ ಎನ್ನುತ್ತಿದ್ದರು.

ಅವರ ಮನೆಮಾತನ್ನು ಆಡುವವರು ದೇಶದ ಒಂದು ಮೂಲೆಯಲ್ಲಿ, ನದಿಯ ಎರಡು ದಂಡೆಗಳ ಉದ್ದಕ್ಕೂ ಇದ್ದ ಜನ. ಸದನದಲ್ಲಿ ಯಾವ ಭಾಷೆಯಲ್ಲಾದರೂ ಮಾತನಾಡುವ ಹಕ್ಕು ಸದಸ್ಯರಿಗಿತ್ತು. ಆದರೆ ಈ ಭಾಷೆಗೆ ಅನುವಾದಕರಿರಲಿಲ್ಲ. ಎಂಥ ಔದಾರ್ಯ ನೋಡಿ! ಬಾಯಿಗೆ ಹಕ್ಕು ಕೊಟ್ಟು ಕಿವಿಗೆ ಬೀಗ ಹಾಕಿದ್ದರು. ಅವರು ತಮ್ಮ ಭಾಷೆಯಲ್ಲಿ ಮಾತನಾಡಿದಾಗಲೆಲ್ಲ ಉಳಿದವರ ಇಯರ್‌ಫೋನುಗಳು ಮೌನವಾಗುತ್ತಿದ್ದವು, ಮರುದಿನದ ಸದನದ ನಡಾವಳಿಯಲ್ಲಿ ಒಂದೇ ಸಾಲು ಅಚ್ಚಾಗುತ್ತಿತ್ತು: ‘ಮಾನ್ಯ ಸದಸ್ಯೆ ಇತರೆ ಭಾಷೆಯಲ್ಲಿ ಮಾತನಾಡಿದರು.’ ಬರ, ಶಾಲೆ, ಸೇತುವೆ, ಆಸ್ಪತ್ರೆ, ಏನೇ ಹೇಳಿರಲಿ, ಆ ಒಂದೇ ಸಾಲು. ಇತರೆ ಅಂದರೆ ಏನು ಎಂದು ಅವರು ಎಷ್ಟು ಸಲ ಕೇಳಿದರೋ! ಭಾಷಣದ ನಡುವಿನ ಆ ಪ್ರಶ್ನೆಯೂ ಇತರೆ ಭಾಷೆಯಲ್ಲಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ.

ಆ ಜನರಿಗೆ ಇದ್ದದ್ದು ಒಂದೇ ಆಸರೆ, ಸರ್ಕಾರಿ ರೇಡಿಯೊದಲ್ಲಿ ಬೆಳಿಗ್ಗೆ ಬರುತ್ತಿದ್ದ ಅವರ ಭಾಷೆಯ ವಾರ್ತೆ. ಸ್ವಲ್ಪವೇ ಹೊತ್ತಿನದು. ಅದರಲ್ಲೇ ಸಾವು, ನೌಕರಿ, ಬಸ್ಸಿನ ವೇಳೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ, ಎಲ್ಲ ಬರಬೇಕು. ಒಂದು ಮಳೆಗಾಲ ರಾಜಧಾನಿಯ ದೊಡ್ಡವರಿಗೆ ಏಕರೂಪತೆಯ ಹುಚ್ಚು ಹಿಡಿಯಿತು. ಎಚ್ಚರಿಕೆಯ ಪ್ರಕಟಣೆಗಳು ಇನ್ನು ದೊಡ್ಡ ಭಾಷೆಯಲ್ಲಿ ಮಾತ್ರ, ರಾಜಧಾನಿಯಿಂದ ನೇರವಾಗಿ ಬರತಕ್ಕದ್ದು ಎಂದು ಆಜ್ಞೆಯಾಯಿತು. ಅಣೆಕಟ್ಟಿನ ಬಾಗಿಲು ತೆರೆದ ಆ ಬೆಳಿಗ್ಗೆ ರೇಡಿಯೊ ಕೂಗಿ ಕೂಗಿ ಹೇಳಿತು, ‘ದಂಡೆಯವರೇ, ಸರಿಯಿರಿ, ಸರಿಯಿರಿ.’

ಇಲ್ಲೇ ಇದ್ದದ್ದು ಮೃತ್ಯು. ದೊಡ್ಡ ಭಾಷೆಯಲ್ಲಿ ಆ ಪದಕ್ಕೆ ಜಾಗ ಬಿಟ್ಟು ಹೊರಡಿ ಎಂದರ್ಥ. ನದಿಯವರ ಭಾಷೆಯಲ್ಲಿ ಅದೇ ಸದ್ದಿಗೆ ಎಲ್ಲ ಸರಿಯಾಗಿದೆ, ಇದ್ದಲ್ಲೇ ಇರಿ ಎಂದರ್ಥ. ಅಂದರೇನಮ್ಮನವರ ಒಡಹುಟ್ಟಿದ ತಂಗಿಯ ಮನೆ ಆ ದಂಡೆಯ ಮೇಲೇ ಇತ್ತು. ತಂಗಿಗೆ ಯಾಕೋ ಅನುಮಾನ. ಗಂಟುಮೂಟೆ ಕಟ್ಟೋಣವೇ ಎಂದು ಗಂಡನನ್ನು ಕೇಳಿದಳು. ಆತ ದೋಣಿ ದುರಸ್ತಿ ಮಾಡುವವನು, ಯಾವುದಕ್ಕೂ ಗಾಬರಿಬೀಳದ ಮನುಷ್ಯ. ‘ಕೇಳಿಸ್ಲಿಲ್ವಾ? ಸರಿಯಿರಿ ಅಂತ ಅವರೇ ಹೇಳ್ತಿದ್ದಾರೆ’ ಎಂದು ನಕ್ಕು ಮತ್ತೆ ಉಳಿ ಕೈಗೆತ್ತಿಕೊಂಡ. ನೀರು ನುಗ್ಗಿದಾಗ ತಂಗಿ ಮೇಲಿನ ಬೀದಿಯ ಅಂಗಡಿಗೆ ಹೋಗಿದ್ದಳು, ಬದುಕಿಕೊಂಡಳು. ಏನೂ ಅರ್ಥವಾಗದಿದ್ದರೆ ಆತ ಯಾರನ್ನಾದರೂ ಕೇಳುತ್ತಿದ್ದ. ಅರ್ಥವಾಯಿತು ಎಂದುಕೊಂಡದ್ದೇ ಅವನ ಪ್ರಾಣಕ್ಕೆ ಬಂತು. ಅವನೊಬ್ಬನೇ ಅಲ್ಲ, ಆ ಸಾಲಿನ ಎಷ್ಟೋ ಮನೆಗಳಲ್ಲಿ ಜನ ಹೀಗೇ ನಿಶ್ಚಿಂತೆಯಿಂದ ಕೂತಿದ್ದರು.

ತನಿಖೆಯ ಶಾಸ್ತ್ರವೂ ಮುಗಿಯಿತು. ‘ಸೂಚನೆ ನೀಡಲಾಗಿತ್ತು’ ಎಂದು ವರದಿ ಬಂತು. ನೀಡಲಾಗಿತ್ತು ಅಂದರೆ ಏನು ಎಂದು ಅಂದರೇನಮ್ಮ ಅಧಿಕಾರಿಯನ್ನು ಕೇಳಿದರು. ಕೊಡುವುದೂ ತಲುಪುವುದೂ ಒಂದೇ ಕ್ರಿಯಾಪದವೇ ಎಂದು ಕೇಳಿದರು. ಅಧಿಕಾರಿ ಕೈಗಡಿಯಾರ ನೋಡಿಕೊಂಡ.

ಇಷ್ಟಾದ ಮೇಲಾದರೂ ಮಾನವಿದ್ದವರು ತಲೆ ತಗ್ಗಿಸುತ್ತಿದ್ದರು. ನಮ್ಮವರು ಮಸೂದೆ ತಂದರು! ಬೆಳಗಿನ ಆ ಸಣ್ಣ ವಾರ್ತೆಯನ್ನೇ ನಿಲ್ಲಿಸಿ, ಆ ಹೊತ್ತಿಗೆ ಬಹುಸಂಖ್ಯಾತರ ದೇವಾಲಯದಿಂದ ಪ್ರಾರ್ಥನೆಯನ್ನು ದೇಶಕ್ಕೆಲ್ಲ ಬಿತ್ತರಿಸುವುದು, ಸರ್ಕಾರದ ಖರ್ಚಿನಲ್ಲಿ. ಪ್ರಾರ್ಥನೆಗೆ ಭಾಷೆಯ ಹಂಗಿಲ್ಲ, ಅದು ಎಲ್ಲರನ್ನೂ ಒಂದುಗೂಡಿಸುತ್ತದೆ ಎಂದು ಪ್ರಸಾರ ಮಂತ್ರಿ ಕಣ್ಣು ಮುಚ್ಚಿಕೊಂಡು ಹೇಳಿದರು.

ಅಂದರೇನಮ್ಮ ನಾಸ್ತಿಕರಾಗಿದ್ದರೆ ಸರ್ಕಾರಕ್ಕೆ ಎಷ್ಟು ಅನುಕೂಲವಾಗುತ್ತಿತ್ತು! ಅವರು ಅದೇ ದೇವರ ಭಕ್ತೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮುಗಿಸದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಅದನ್ನು ಬಲ್ಲ ಅವರ ಸೋದರಮಾವ, ಊರಿನ ದೇವಾಲಯದ ಹಿರಿಯರು, ಮನೆಗೇ ಬಂದು ಕೂತು, ನಮ್ಮ ದೇವರಿಗೇ ಅಡ್ಡ ನಿಲ್ತೀಯಾ ಎಂದು ಕಣ್ಣೀರು ಹಾಕಿಕೊಂಡರು. ಅವರಿಗೆ ಕಾಫಿ ಕೊಟ್ಟು, ಎದುರಿಗೆ ಕೂತು ಇವರು ಹೇಳಿದರು: ‘ಮಾವ, ನನ್ನ ದೇವರನ್ನ ನಾನು ನೋಡ್ಕೋತೀನಿ. ಸರ್ಕಾರ ನೀರು ಬರುತ್ತೆ ಅಂತ ಹೇಳಲಿ, ಸಾಕು. ಆ ಕೆಲಸ ನನ್ನ ಕೈಲಾಗಲ್ಲ, ದೇವರೂ ಮಾಡಲ್ಲ.’ ಸೋದರಮಾವ ಲೋಟ ಖಾಲಿ ಮಾಡಿ ಎದ್ದು ಹೋದರು.

ಮಸೂದೆಯ ದಿನ ಅಂದರೇನಮ್ಮ ಎಂದೂ ಮಾಡದ ಕೆಲಸ ಮಾಡಿದರು. ತಮ್ಮ ಭಾಷೆಯನ್ನು ಬದಿಗಿಟ್ಟು, ಒಂದು ವಿಭಕ್ತಿಯೂ ತಪ್ಪದ ದೊಡ್ಡ ಭಾಷೆಯಲ್ಲಿ ಮಾತಾಡಿದರು. ಇತರೆ ಎಂಬ ನೆಪ ಇವತ್ತು ಯಾರಿಗೂ ಸಿಗಬಾರದು ಎಂದು ಅವರ ಹಟ. ಇಡೀ ದೇಶದ ತೆರಿಗೆಯಲ್ಲಿ ನಡೆಯುವ ರೇಡಿಯೊಗೆ ಒಂದು ಧರ್ಮವಿರಕೂಡದು, ಅದು ತಮ್ಮ ಧರ್ಮವಾದರೂ ಕೂಡದು ಎಂದರು. ಆಮೇಲೆ ‘ಸರಿಯಿರಿ’ ಎಂಬ ಪದದ ಎರಡು ಅರ್ಥಗಳನ್ನು ಶಾಲೆಯ ಮಕ್ಕಳಿಗೆ ಬಿಡಿಸಿ ಹೇಳುವಂತೆ ಹೇಳಿ, ದೋಣಿ ದುರಸ್ತಿಯವನ ಕತೆಯನ್ನು, ಅವನು ತಮಗೆ ಏನಾಗಬೇಕು ಎಂಬುದನ್ನು ಮಾತ್ರ ಬಿಟ್ಟು, ಪೂರ್ತಿ ಹೇಳಿದರು. ಆಳುವ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹೌದು, ನಕ್ಕರು. ಶ್ಲೇಷೆ ಎಂದುಕೊಂಡಿರಬೇಕು.

ಆ ನಗುವಿಗೆ ಅವರು ತಮ್ಮ ಆಸನ ಬಿಟ್ಟು, ಅದೇ ಪರೀಕ್ಷಾ ಕೊಠಡಿಯ ನಡಿಗೆಯಲ್ಲಿ ಬಂದು ಸಭಾಧ್ಯಕ್ಷರ ಪೀಠದ ಎದುರಿಗೇ ನಿಂತುಬಿಟ್ಟರು. ಅಧ್ಯಕ್ಷರು ಗಂಟೆ ಬಾರಿಸಿದರು, ಸಮಯ ಮುಗಿಯಿತೆಂದರು, ಕೊನೆಗೆ ತಾಳ್ಮೆಗೆಟ್ಟು ತಾವೇನು ಹೇಳುತ್ತಿದ್ದೇವೆಂದು ತಿಳಿಯದೆಯೇ ಗದರಿದರು: ‘ಮಾನ್ಯ ಸದಸ್ಯೆ, ಸರಿಯಿರಿ.’

ಆಗ ನಕ್ಕವನೂ ಈ ಸಲ ನಗಲಿಲ್ಲ.

‘ಆಗಲಿ ಅಧ್ಯಕ್ಷರೇ’ ಎಂದರು ಅಂದರೇನಮ್ಮ. ‘ಈ ಮಾತನ್ನ ಮಾತ್ರ ನಾನು ನನ್ನ ಭಾಷೇಲಿ ಕೇಳಿಸ್ಕೊಂಡೆ.’ ಕೋಟಿನ ಜೇಬಿಗೆ ಕೈ ಇಳಿಬಿಟ್ಟು ಇದ್ದಲ್ಲೇ ನಿಂತರು.

ಕಾವಲುಗಾರರು ಬಂದು ಅವರ ತೋಳಿಗೆ ಕೈ ಹಾಕಿ ಹೊರಗೆ ಕರೆದೊಯ್ದರು. ಅಧಿವೇಶನ ಮುಗಿಯುವವರೆಗೆ ಅಮಾನತು. ಮಸೂದೆ ಪಾಸಾಯಿತು, ಮೇಜು ಕುಟ್ಟಿದ ಸದ್ದು ಮೊಗಸಾಲೆಯವರೆಗೂ ಬಂತು. ಮರುದಿನ ನಡಾವಳಿ ಬಂದಾಗ, ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಆ ಸದನದಲ್ಲಿ ಆಡಿದ ಅಚ್ಚುಕಟ್ಟಾದ ದೊಡ್ಡ ಭಾಷೆಯ ಭಾಷಣದ ಜಾಗದಲ್ಲಿ ಒಂದೇ ಸಾಲಿತ್ತು: ‘ಮಾನ್ಯ ಸದಸ್ಯೆ ಇತರೆ ಭಾಷೆಯಲ್ಲಿ ಮಾತನಾಡಿದರು.’ ಬೇಕೆಂದೇ ಮಾಡಿದರೋ, ಬರೆದುಕೊಳ್ಳುವವರ ಕೈಗೆ ಅಷ್ಟು ರೂಢಿಯಾಗಿತ್ತೋ, ಯಾರೂ ವಿಚಾರಿಸಲಿಲ್ಲ. ಕೈಗೆ ರೂಢಿಯಾಗಿತ್ತು ಎನ್ನುವುದಾದರೆ ಅದು ಇನ್ನೂ ಹೇಸಿಗೆಯ ಮಾತು.

ಅಷ್ಟರಲ್ಲಿ ತಂಗಿ ಫೋನು ಮಾಡಿದಳು. ಬೆಳಗಿನ ವಾರ್ತೆ ಉಳಿಯಿತೇ ಎಂದು ಅವಳು ಕೇಳಲಿಲ್ಲ. ಆ ಹೊತ್ತಿಗೆ ರೇಡಿಯೊದಲ್ಲಿ ಬಂದ ಪ್ರಾರ್ಥನೆಯನ್ನು ಅವಳೇ ಕೇಳಿದ್ದಳು.

‘ಅಕ್ಕ, ಅಲ್ಲಿ ಏನಂದ್ರು?’

‘ಸರಿಯಿರಿ ಅಂದ್ರು.’

ತಂಗಿ ಕೇಳಿದಳು: ‘ನೀನು?’

‘ಇದ್ದೆ’ ಎಂದರು ಅಕ್ಕ.

ಇಂಥವರನ್ನು ತರಲೆ, ಹಟಮಾರಿ, ಕಾಲಹರಣ ಮಾಡುವವರು ಎಂದು ಕರೆಯುವುದು ನಮಗೆಲ್ಲ ರೂಢಿ. ಸಭೆ ಬೇಗ ಮುಗಿಯಬೇಕು, ಎಲ್ಲರೂ ಹೂಂಗುಟ್ಟಬೇಕು, ಮನೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ಪದದ ಅರ್ಥ ಕೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅವರು ಕೇಳುವುದಾದರೂ ದೊಡ್ಡ ಪ್ರಶ್ನೆಯಲ್ಲ, ನೀವು ಆಡಿದ ಮಾತು ನಿಮಗೆ ಗೊತ್ತಿದೆಯೇ ಎಂದಷ್ಟೇ, ಮತ್ತು ಅಧಿಕಾರದಲ್ಲಿದ್ದವರಿಗೆ ಸಹಿಸಲಾಗದ ಪ್ರಶ್ನೆಯೂ ಅದೊಂದೇ. ಪ್ರತಿ ಸಭೆಯಲ್ಲೂ ಪ್ರತಿ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ತೋಳು ಹಿಡಿದು ಹೊರಗೆ ಕಳಿಸಿದ ಮೇಲೆ ಕಲಾಪ ಬಹಳ ಸುಗಮವಾಗಿ ಸಾಗುತ್ತದೆ. ನೀರು ಹೊಸ್ತಿಲಿಗೆ ಬಂದಾಗ ಮಾತ್ರ, ರೇಡಿಯೊ ಏನೋ ಹೇಳುತ್ತಿದೆಯಲ್ಲ, ಅಂದರೆ ಏನು ಎಂದು ಕೇಳಲು ಮನೆಯಲ್ಲಿ ಯಾರೂ ಉಳಿದಿರುವುದಿಲ್ಲ.